ಕೊಲಂಬಿಯಾದ ಡಿಸ್ಕೂ, ನಮ್ಮನೆ ಡಿಸ್ಕೂ

ಕಳೆದ ದೀಪಾವಳಿಗೆ ಮುಂಚೆ ಮನೆ ಸ್ವಚ್ಛ ಮಾಡುವಾಗ ನನ್ನಾಕೆಗೆ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಸಿಕ್ಕಿತು. ಒಳಗೆ ಹಳೆಯ ಕಾಲುಚೀಲದಲ್ಲಿ ಸುತ್ತಿಟ್ಟ ಒಂದು ಹಾರ್ಡ್ ಡಿಸ್ಕ್. 40 ಜಿಬಿಯದ್ದು, ಮೈಮೇಲೆಲ್ಲ ತುಕ್ಕಿನ ಕಲೆ.

"ಇದೊಂದ್ ಎಂತಕ್ಕೆ ಇಟ್ಕಂಡಿದ್ರಿ? ರದ್ದಿಯವ ಬಂದಿದ, ಕೊಟ್ ಬಿಡ್ಲಾ?"

ಬೇಡ ಅಂದೆ. ಯಾಕೆ ಬೇಡ ಅನ್ನುವುದು ಅವಳಿಗೂ ಗೊತ್ತು. ಆದರೂ ಪ್ರತಿ ವರ್ಷ ಕೇಳುತ್ತಾಳೆ, ಪ್ರತಿ ವರ್ಷ ನಾನು ಬೇಡ ಅನ್ನುತ್ತೇನೆ.

ಆ ಡಿಸ್ಕಿನ ಕಥೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆದರೆ ಅದೊಂದನ್ನೇ ಹೇಳಿದರೆ ಅರ್ಥವಾಗುವುದಿಲ್ಲ, ಹಾರ್ಡ್ ಡಿಸ್ಕ್ ಎಂಬ ವಸ್ತುವಿನ ಚರಿತ್ರೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ನಾನು ಓದಿದ್ದು ಬಿಕಾಂ. ಡೆಬಿಟ್ಟು ಕ್ರೆಡಿಟ್ಟು ಬಿಟ್ಟರೆ ಬೇರೆ ವಿದ್ಯೆ ಕಲಿತವನಲ್ಲ. ಇಂಜಿನಿಯರ್ ಓದುಗರು ಯಾರಾದರೂ ಇದ್ದರೆ ಸ್ವಲ್ಪ ಸಹಿಸಿಕೊಳ್ಳಿ.

ಹಾರ್ಡ್ ಡಿಸ್ಕ್ ಹುಟ್ಟಿದ್ದೇ ಲೆಕ್ಕಪತ್ರಕ್ಕಾಗಿ ಅಂದರೆ ನಂಬುತ್ತೀರಾ? 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕ್ ಯಂತ್ರದ ಹೆಸರು ರಾಮಾಕ್. ಇಂಗ್ಲಿಷಿನಲ್ಲಿ ಬಿಡಿಸಿದರೆ 'ರ‍್ಯಾಂಡಮ್ ಆಕ್ಸೆಸ್ ಮೆಥಡ್ ಆಫ್ ಅಕೌಂಟಿಂಗ್ ಅಂಡ್ ಕಂಟ್ರೋಲ್'. ಹೆಸರಿನಲ್ಲೇ ಅಕೌಂಟಿಂಗ್ ಇದೆ! ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಎಂಬವರ ತಂಡ ಅದನ್ನು ಕಟ್ಟಿತು. ಅಲ್ಲಿಯವರೆಗೆ ಕಂಪನಿಗಳ ಲೆಕ್ಕ ಇರುತ್ತಿದ್ದದ್ದು ತೂತು ಕೊರೆದ ಕಾರ್ಡುಗಳಲ್ಲಿ, ಆಮೇಲೆ ಟೇಪಿನಲ್ಲಿ. ಒಬ್ಬ ಗಿರಾಕಿಯ ಬಾಕಿ ಬೇಕೆಂದರೆ ಅವನ ಹಿಂದಿನವರನ್ನೆಲ್ಲ ದಾಟಿಕೊಂಡೇ ಹೋಗಬೇಕು. ಲೆಡ್ಜರಿನ 412ನೇ ಪುಟವನ್ನು ನೇರವಾಗಿ ತೆರೆಯುವ ಸೌಕರ್ಯ ಯಂತ್ರಕ್ಕೆ ಸಿಕ್ಕಿದ್ದು ರಾಮಾಕ್‌ನಿಂದ. 24 ಇಂಚು ಅಗಲದ 50 ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ನಿಮಿಷಕ್ಕೆ 1200 ಸುತ್ತು ತಿರುಗಿಸುತ್ತಿದ್ದರು. ಒಂದು ಟನ್ನಿಗೂ ಹೆಚ್ಚು ತೂಕ. ಹಿಡಿಸುತ್ತಿದ್ದದ್ದು ಮಾತ್ರ 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರೊಳಗೆ ಹಿಡಿಸಿದರೆ ಪುಣ್ಯ.

ತಟ್ಟೆಯ ಮೇಲೆ ಅಯಸ್ಕಾಂತದ ಗುಣವುಳ್ಳ ತೆಳು ಲೇಪ ಇರುತ್ತದೆ. ಓದುವ, ಬರೆಯುವ ಹೆಡ್ಡು ತಟ್ಟೆಗೆ ತಾಗಬಾರದು, ತೀರ ದೂರವೂ ಇರಬಾರದು. ಹಾರ್ಡ್ ಡಿಸ್ಕಿನ ಚರಿತ್ರೆಯೆಲ್ಲ ಈ ಸಂದಿಯನ್ನು ಕಿರಿದು ಮಾಡುತ್ತ ಬಂದ ಚರಿತ್ರೆ ಅಂದರೂ ಸರಿಯೇ. ರಾಮಾಕ್‌ನಲ್ಲಿ ಹೆಡ್ಡನ್ನು ಎತ್ತಿ ಹಿಡಿಯಲು ಕೊಳವೆಯಲ್ಲಿ ಗಾಳಿ ಊದುತ್ತಿದ್ದರು. ಆಮೇಲೆ ತಟ್ಟೆ ತಿರುಗುವಾಗ ಅದರ ಮೇಲೆ ತಾನಾಗಿಯೇ ಏಳುವ ಗಾಳಿಯಲ್ಲೇ ಹೆಡ್ಡು ತೇಲುವ ಹಾಗೆ ಮಾಡಿದರು. 1973ರಲ್ಲಿ ಐಬಿಎಂನದೇ 3340 ಬಂತು. 30 ಎಂಬಿ ಮತ್ತು 30 ಎಂಬಿ ಎಂಬ ಆಲೋಚನೆಯಿಂದ ಹೊರಟು, 30-30 ಅಂದರೆ ವಿಂಚೆಸ್ಟರ್ ಬಂದೂಕು ಅಂತ ಅದಕ್ಕೆ ವಿಂಚೆಸ್ಟರ್ ಎಂಬ ಅಡ್ಡಹೆಸರು ಬಿತ್ತು. ಹೆಡ್ಡು, ತಟ್ಟೆ ಎರಡನ್ನೂ ಒಂದೇ ಮುಚ್ಚಿದ ಡಬ್ಬಿಯೊಳಗೆ ಇಟ್ಟದ್ದು ಇದರಲ್ಲಿ. ನಮ್ಮ ನಿಮ್ಮ ಮನೆಯ ಡಿಸ್ಕುಗಳೆಲ್ಲ ಇದರದ್ದೇ ಸಂತಾನ. 1980ರಲ್ಲಿ ಮುಂದೆ ಸೀಗೇಟ್ ಎಂದು ಹೆಸರಾದ ಕಂಪನಿ ಪುಟ್ಟ 5 ಎಂಬಿ ಡಿಸ್ಕ್ ತಂದಿತು, 1983ರಲ್ಲಿ 10 ಎಂಬಿ ಡಿಸ್ಕ್ ಒಳಗಿಟ್ಟ ಐಬಿಎಂ ಪಿಸಿ ಎಕ್ಸ್‌ಟಿ ಬಂತು.

ನನ್ನ 40 ಜಿಬಿ ಡಿಸ್ಕಿನ ಕಾಲಕ್ಕೆ ಆ ಸಂದಿ ಎಷ್ಟು ಕಿರಿದಾಗಿತ್ತೆಂದರೆ ಸಿಗರೇಟಿನ ಹೊಗೆಯ ಕಣವೂ ಅದರಲ್ಲಿ ತೂರುವ ಹಾಗಿರಲಿಲ್ಲ. ತಲೆಗೂದಲಂತೂ ಅದರ ಮುಂದೆ ತೆಂಗಿನ ಮರದ ಕಾಂಡ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದುಹೋದದ್ದನ್ನು ಹಿಂದೆ ಪಡೆಯುವ ವಿದ್ಯೆಗೂ ಒಂದು ಚರಿತ್ರೆ ಇದೆ. 1982ರಲ್ಲಿ ಪೀಟರ್ ನಾರ್ಟನ್ ಎಂಬ ಅಮೆರಿಕನ್ನರು ನಾರ್ಟನ್ ಯುಟಿಲಿಟೀಸ್ ಎಂಬ ತಂತ್ರಾಂಶ ಮಾರಾಟಕ್ಕೆ ತಂದರು. ಅಳಿಸಿಹೋದ ಫೈಲನ್ನು ಮರಳಿ ಕೊಡುವುದೇ ಅದರ ಹೆಚ್ಚುಗಾರಿಕೆ. ಜನಕ್ಕೆ ಅದು ಮಂತ್ರದ ಹಾಗೆ ಕಂಡಿತಂತೆ. ಬ್ಯಾಂಕಿನವರಿಗೆ ಅದು ಸುಲಭವಾಗಿ ಅರ್ಥವಾಗುವ ವಿಷಯ. ಡಾಸ್‌ನಲ್ಲಿ ಫೈಲ್ ಅಳಿಸಿದರೆ ತಟ್ಟೆಯ ಮೇಲಿನ ಬರಹ ಅಳಿಯುವುದಿಲ್ಲ. ಇಂಡೆಕ್ಸಿನಲ್ಲಿ ಆ ಹೆಸರಿನ ಮೊದಲಕ್ಷರವನ್ನು ಮಾತ್ರ ಒಂದು ಗುರುತಿನಿಂದ ಹೊಡೆದುಹಾಕಿ, 'ಈ ಪುಟಗಳು ಖಾಲಿ ಇವೆ, ಬೇಕಾದವರು ಬಳಸಿಕೊಳ್ಳಿ' ಎಂದು ಬರೆದುಕೊಳ್ಳುತ್ತದೆ ಅಷ್ಟೆ. ಲೆಡ್ಜರಿನ ಹಾಳೆ ಹಾಗೇ ಇರುತ್ತದೆ, ಇನ್ನೊಬ್ಬರ ಲೆಕ್ಕ ಅದರ ಮೇಲೆ ಬೀಳುವ ತನಕ. ಅಂದರೆ ಫೈಲ್ ಹೋಯಿತು ಅಂತ ಗೊತ್ತಾದ ಕೂಡಲೇ ಏನೂ ಮಾಡದೆ ಕೂತವನಿಗೆ ಅದು ಸಿಗುತ್ತದೆ. ಗಾಬರಿಯಿಂದ ಅದೂ ಇದೂ ತೆರೆದು, ಹೊಸದಾಗಿ ಬರೆದವನಿಗೆ ಸಿಗುವುದಿಲ್ಲ. (ಈಗಿನ ಎಸ್‌ಎಸ್‌ಡಿಗಳ ಮಾತು ಬೇರೆ. ಅವು ಬಿಡುವಾದಾಗ ಖಾಲಿ ಪುಟಗಳನ್ನು ತಾವಾಗಿಯೇ ಉಜ್ಜಿ ತೊಳೆದಿಡುತ್ತವೆ.)

ನಾನು ಬ್ಯಾಂಕ್ ಸೇರಿದ್ದು 1991ರಲ್ಲಿ, ಕ್ಲಾರ್ಕ್ ಆಗಿ. ಮೂರು ವರ್ಷಕ್ಕೆ ಮುಂಬಯಿಗೆ ಬಂದೆ. ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ 1984ರಲ್ಲೇ ವರದಿ ಕೊಟ್ಟಿತ್ತು. ಕಂಪ್ಯೂಟರ್ ಬಂದರೆ ನಮ್ಮ ಹುಡುಗರಿಗೆ ಕೆಲಸವೆಲ್ಲಿ ಎಂದು ಯೂನಿಯನ್ನಿನವರು ಕೇಳುತ್ತಿದ್ದ ಕಾಲ ಅದು. ಹಾಗಾಗಿ ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಅಂತ ಹೆಸರಿಟ್ಟು ಪಿಸಿಗಳನ್ನು ಒಳಗೆ ತಂದರು. ನನ್ನ ಕಾಲಕ್ಕೆ ನಮ್ಮ ಶಾಖೆಯಲ್ಲಿ ಗಾಜಿನ ಕೋಣೆ, ಎಸಿ, ಒಂದು ಸರ್ವರ್ ಎಲ್ಲ ಬಂದಿದ್ದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ದೇವಸ್ಥಾನದ ಹಾಗೆ.

1996ರಲ್ಲಿ ಒಂದು ಸೋಮವಾರ ಮಧ್ಯಾಹ್ನ ಮೂರರ ಹೊತ್ತಿಗೆ ಆ ಸರ್ವರಿನ ಡಿಸ್ಕ್ ನಿಂತಿತು. ಶನಿವಾರದ ಟೇಪ್ ಹಾಕಿದರೆ ಅದು ಓದಲಿಲ್ಲ. ಶುಕ್ರವಾರದ್ದು ಓದಿತು. ಸರಿ, ಎರಡು ದಿನದ ವೋಚರುಗಳ ಕಟ್ಟು ಬಿಚ್ಚಿ ಎಲ್ಲರೂ ಕೂತೆವು. ಯೂನಿಯನ್ ಲೀಡರೂ ಕೂತರು, ಮ್ಯಾನೇಜರೂ ಕೂತರು. ವಡಾಪಾವ್, ಚಾ. ಬೆಳಗಿನ ಜಾವ ಎರಡೂವರೆಗೆ ಪೋಸ್ಟಿಂಗ್ ಮುಗಿದಾಗ 27 ರೂಪಾಯಿ ವ್ಯತ್ಯಾಸ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು ಎಂಬುದು ನಮ್ಮ ಹಳೆಯ ಸೂತ್ರ. ಹುಡುಕಿದರೆ 85ರ ಬದಲು 58 ಎಂದು ಒತ್ತಿದ್ದು ನಾನೇ! ಅವತ್ತು ಯಾರೂ ಕೆಟ್ಟ ಡಿಸ್ಕನ್ನು ಮುಟ್ಟಲಿಲ್ಲ. ಕಂಪನಿಯ ಇಂಜಿನಿಯರ್ ಬಂದು ಅದನ್ನು ಬಿಚ್ಚಿಕೊಂಡು ಹೋದ, ಅಷ್ಟೆ. ಬ್ಯಾಂಕಿನಲ್ಲಿ ಇದ್ದ ಈ ಶಿಸ್ತು ಮನೆಯಲ್ಲಿ ಯಾಕೆ ಇರಲಿಲ್ಲ ಅನ್ನುವುದೇ ನನ್ನ ಇವತ್ತಿನ ಕಥೆ.

ನನ್ನ ಅಪ್ಪಯ್ಯ ಊರಿನಲ್ಲಿ ಶಾಲೆ ಮಾಸ್ತರು. ನಮ್ಮದು ಕುಂದಾಪುರದ ಕಡೆ. ಮಾಸ್ತರಿಕೆ ಹೊಟ್ಟೆಪಾಡಿಗೆ, ಜೀವ ಇದ್ದದ್ದು ತಾಳಮದ್ದಲೆಯಲ್ಲಿ. ದೊಡ್ಡ ಅರ್ಥಧಾರಿ ಏನಲ್ಲ, ಸುತ್ತಲಿನ ನಾಲ್ಕೂರಿಗೆ ಗೊತ್ತಿದ್ದವರು. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಲ್ಯದಲ್ಲಿ ಕೂತು ಮಾತಿನಲ್ಲೇ ಕರ್ಣನೋ ವಾಲಿಯೋ ಆಗಬೇಕು. ನಮ್ಮ ಭಾವ ಒಬ್ಬರು ದುಬೈಯಿಂದ ತಂದಿದ್ದ ಟೇಪ್ ರೆಕಾರ್ಡರಿನಲ್ಲಿ 1988ರ ಸುಮಾರಿಗೆ 11 ಕ್ಯಾಸೆಟ್ ರೆಕಾರ್ಡ್ ಮಾಡಿದ್ದರು. ಅಪ್ಪಯ್ಯ 1999ರಲ್ಲಿ ಹೋದರು. ಕ್ಯಾಸೆಟ್ಟುಗಳು ನನ್ನ ಪಾಲಿಗೆ ಬಂದವು.

2004ರಲ್ಲಿ ಕಂಪ್ಯೂಟರ್ ಕೊಂಡೆ. ಟೇಪ್ ರೆಕಾರ್ಡರಿನಿಂದ ಒಂದು ವಯರ್ ಎಳೆದು, ಭಾನುವಾರ ಭಾನುವಾರ ಕೂತು ಹನ್ನೊಂದನ್ನೂ ಡಿಸ್ಕಿಗೆ ಇಳಿಸಿದೆ. ಬ್ಯಾಂಕಿನಲ್ಲಿ ದಿನಾ ಬ್ಯಾಕಪ್ ತೆಗೆಸುವ ಮನುಷ್ಯ ಮನೆಯಲ್ಲಿ ಒಂದು ಸಿಡಿ ಬರೆಯಲಿಲ್ಲ. ನಾಳೆ ಮಾಡಿದರಾಯಿತು ಅಂತ.

2005ರ ಜುಲೈ 26 ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಕಲೀನಾ, ಕುರ್ಲಾದ ಮನೆಗಳೊಳಗೆ ನುಗ್ಗಿತು. ನಾವಿದ್ದದ್ದು ಕಲೀನಾದಲ್ಲಿ, ನೆಲಮಾಳಿಗೆಯಲ್ಲಲ್ಲ, ಆದರೆ ನೆಲಮಟ್ಟದ ಮನೆಯಲ್ಲಿ. ನಾನು ಆ ರಾತ್ರಿ ಫೋರ್ಟಿನ ಆಫೀಸಿನಲ್ಲೇ ಉಳಿದೆ, ಹೆಂಡತಿ ಮಗಳು ಮೇಲಿನ ಮಹಡಿಯ ಗುಜರಾತಿ ಕುಟುಂಬದವರ ಮನೆಯಲ್ಲಿ. ಮರುದಿನ ಸಂಜೆ ನಡೆದುಕೊಂಡು ಮನೆ ಮುಟ್ಟಿದಾಗ ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೆ ಕೆಸರಿನ ಗೆರೆ. ಕಂಪ್ಯೂಟರಿನ ಡಬ್ಬ ನೆಲದ ಮೇಲೆಯೇ ಇತ್ತು. ಮಂಚದಡಿಯ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಗಟಾರದ ನೀರು. ಎಲ್ಲವನ್ನೂ ಮುನಿಸಿಪಾಲಿಟಿ ಲಾರಿಗೆ ಹಾಕಿದೆವು, ಕ್ಯಾಸೆಟ್ಟನ್ನೂ. ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ನಾನೇ ಹೇಳಿದೆ.

ಈಗ ನನ್ನ ಪರಾಕ್ರಮ ಕೇಳಿ. ಹಾರ್ಡ್ ಡಿಸ್ಕ್ ಡಬ್ಬಿ ಪೂರ್ತಿ ಮುಚ್ಚಿದ್ದಲ್ಲ. ಒಳಗೂ ಹೊರಗೂ ಗಾಳಿಯ ಒತ್ತಡ ಸಮ ಇರಲೆಂದು ಒಂದು ಸಣ್ಣ ಉಸಿರಾಟದ ತೂತು ಇರುತ್ತದೆ, ಅದಕ್ಕೊಂದು ಫಿಲ್ಟರ್. ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ಒಳಗೆ ಹೋದ ನೀರು ಆರಿದರೆ ಅದರಲ್ಲಿದ್ದ ಮಣ್ಣು ತಟ್ಟೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ನೆನೆದ ಡಿಸ್ಕನ್ನು ಒಣಗಿಸಬಾರದು, ಒದ್ದೆಯಾಗಿದ್ದ ಹಾಗೆಯೇ ಚೀಲದಲ್ಲಿ ಕಟ್ಟಿ ತಜ್ಞರಿಗೆ ಕೊಡಬೇಕು. ನಾನು ಮಾಡಿದ್ದು? ನಾಲ್ಕು ದಿನ ಬಿಸಿಲಿಗಿಟ್ಟೆ. ಮಗಳ ಹೇರ್ ಡ್ರೈಯರ್ ಹಿಡಿದೆ. ನೆಂಟರ ಮನೆಯ ಕಂಪ್ಯೂಟರಿಗೆ ಜೋಡಿಸಿ ಸ್ವಿಚ್ ಹಾಕಿದೆ.

ವಿಂಡೋಸಿನ ಚಿತ್ರ ಬಂತು ಮಾರಾಯ್ರೇ! ಅರ್ಧ ನಿಮಿಷ. ಆಮೇಲೆ ಟಕ್... ಟಕ್... ಟಕ್...

ಹೆಡ್ಡು ತನ್ನ ಜಾಗ ಹುಡುಕಿ, ಸಿಗದೆ, ವಾಪಸು ಹೋಗಿ ಮತ್ತೆ ಹುಡುಕುವ ಸದ್ದು ಅದು. ಆಗ ಗೊತ್ತಿರಲಿಲ್ಲ. ಆರಿಸಿದೆ, ಹಾಕಿದೆ, ಆರಿಸಿದೆ, ಹಾಕಿದೆ. ಆ ಸಂಜೆ ಇಪ್ಪತ್ತು ಸಲವಾದರೂ ಆಗಿರಬೇಕು. ಸಹೋದ್ಯೋಗಿಯೊಬ್ಬರ ಮಗ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ ಅಂಕಲ್, ಇಂಟರ್ನೆಟ್ಟಿನಲ್ಲಿ ಓದಿದೀನಿ ಅಂದ. ಇಟ್ಟೆ. ಹೊರಗೆ ತೆಗೆದಾಗ ತಣ್ಣನೆ ಲೋಹದ ಮೇಲೆ ತೇವ ಕೂರುತ್ತದೆ ಎಂಬುದು ಐಸ್‌ಕ್ರೀಮ್ ಡಬ್ಬ ನೋಡಿದವರಿಗೆಲ್ಲ ಗೊತ್ತು, ನನಗೆ ಹೊಳೆಯಲಿಲ್ಲ. ಕೊನೆಗೆ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿ. ಅಲ್ಲಿಯ ಹುಡುಗ ಕೌಂಟರಿನ ಮೇಲೆ, ತಿರುಗುವ ಫ್ಯಾನಿನ ಅಡಿಯಲ್ಲಿ ಸ್ಕ್ರೂ ಬಿಚ್ಚಿ ಮುಚ್ಚಳ ತೆರೆದು ನೋಡಿ, "ಗಯಾ ಸಾಬ್" ಅಂದ. ಹೊಗೆಯ ಕಣ ತೂರದ ಸಂದಿಯ ಮಾತು ಹೇಳಿದ್ದೆನಲ್ಲ, ಅಲ್ಲಿಗೆ ಗ್ರಾಂಟ್ ರೋಡಿನ ಧೂಳೂ ಸೇರಿತು. ಹುಡುಗನನ್ನು ಬಯ್ಯುವುದಿಲ್ಲ. ಬಿಚ್ಚಿ ನೋಡು ಅಂದವನು ನಾನೇ.

ಡಿಸ್ಕನ್ನು ಕಾಲುಚೀಲದಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಆ ಮಾತು ಅಲ್ಲಿಗೆ ನಿಂತಿತ್ತು, 2008ರ ಮೇ ತಿಂಗಳಲ್ಲಿ ಒಂದು ಸುದ್ದಿ ಓದುವ ತನಕ.

ಕೊಲಂಬಿಯಾ ಬಾಹ್ಯಾಕಾಶ ನೌಕೆ ನಿಮಗೆ ನೆನಪಿರಬಹುದು. 2003ರ ಫೆಬ್ರವರಿ 1, ಶನಿವಾರ. ಅರ್ಧ ದಿನದ ಬ್ಯಾಂಕ್ ಮುಗಿಸಿ ಮನೆಯಲ್ಲಿದ್ದೆವು. ಸಂಜೆ ಟಿವಿಯಲ್ಲಿ ಆಕಾಶದಲ್ಲಿ ಬಿಳಿ ಗೆರೆಗಳು ಕವಲೊಡೆಯುವ ಚಿತ್ರ, ಕಲ್ಪನಾ ಚಾವ್ಲಾ ಹೆಸರು. ಹಾರುವಾಗಲೇ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿದು ತೂತಾಗಿತ್ತು. 16 ದಿನದ ಯಾನ ಮುಗಿಸಿ ಇಳಿಯುವಾಗ ಆ ತೂತಿನಿಂದ ಬೆಂಕಿಯಂಥ ಗಾಳಿ ಒಳನುಗ್ಗಿ, ಟೆಕ್ಸಾಸ್ ಮೇಲೆ ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ ನೌಕೆ ಚೂರಾಯಿತು. ಏಳು ಜನರೂ ಹೋದರು. ನಾಲ್ಕೇ ದಿನದಲ್ಲಿ ನಮ್ಮ ಮೆಟ್‌ಸ್ಯಾಟ್ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು.

ನೌಕೆಯ 80 ಸಾವಿರಕ್ಕೂ ಹೆಚ್ಚು ಚೂರುಗಳನ್ನು ಆರಿಸಿ ತಂದರು. ಸುಮಾರು ಆರು ತಿಂಗಳ ಮೇಲೆ ಒಣಗಿದ ಕೆರೆಯಂಗಳವೊಂದರಲ್ಲಿ ಸಿಕ್ಕ ಚೂರಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು. ಸೀಗೇಟ್ ಕಂಪನಿಯದ್ದು, 500 ಎಂಬಿಗೂ ಕಡಿಮೆ. ಅದು ಡಿಸ್ಕ್ ಎಂದು ಗುರುತಿಸಲೂ ಆಗದ ಹಾಗೆ ಅಂಚು ಕರಗಿ, ಸುಟ್ಟು ಕರಕಲಾಗಿತ್ತು. ಅದರಲ್ಲಿದ್ದದ್ದು ಜೀನಾನ್ ಎಂಬ ಅನಿಲದ ಮೇಲೆ ನಡೆಸಿದ ಪ್ರಯೋಗದ ಅಂಕಿಗಳು. ಟೊಮೆಟೊ ಸಾಸ್ ಬಾಟಲಿ ಬಗ್ಗಿಸಿದರೆ ಬೀಳುವುದಿಲ್ಲ, ಕುಲುಕಿದರೆ ದೊಪ್ಪನೆ ಬೀಳುತ್ತದಲ್ಲ? ಕಲಕಿದಾಗ ತೆಳುವಾಗುವ ಆ ಗುಣ ಜೀನಾನಿನಂಥ ಸರಳ ವಸ್ತುವಿಗೂ ಇದೆಯೇ ಎನ್ನುವುದು ಪ್ರಶ್ನೆ. ಅದು ಕಾಣಬೇಕಾದರೆ ಜೀನಾನ್ ದ್ರವವೋ ಅನಿಲವೋ ಎಂದು ಹೇಳಲಾಗದ ಒಂದು ಸ್ಥಿತಿಯಲ್ಲಿ, 16.6 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಭೂಮಿಯ ಮೇಲೆ ಆ ಸ್ಥಿತಿಯಲ್ಲಿ ಅದು ತನ್ನದೇ ಭಾರಕ್ಕೆ ಕೆಳಗೆ ದಟ್ಟವಾಗಿ ಮೇಲೆ ತೆಳುವಾಗಿ ಬಿಡುತ್ತದೆ. ಅದಕ್ಕೇ ಬಾಹ್ಯಾಕಾಶ ಬೇಕಾಯಿತು. ಅಮೆರಿಕದ ಮಾನಕ ಸಂಸ್ಥೆಯ ರಾಬರ್ಟ್ ಬರ್ಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದ ಪ್ರಯೋಗ. ಸ್ವಲ್ಪ ಅಂಕಿಗಳು ರೇಡಿಯೋ ಮೂಲಕ ಮೊದಲೇ ಕೆಳಗೆ ಬಂದಿದ್ದವು, ಉಳಿದದ್ದು ಆ ಕರಕಲಿನಲ್ಲಿ.

ಮಿನಿಯಾಪೊಲಿಸ್ ಬಳಿಯ ಕ್ರೋಲ್ ಆನ್‌ಟ್ರ್ಯಾಕ್ ಎಂಬ ಕಂಪನಿಗೆ ಕಳಿಸಿದರು. ಜಾನ್ ಎಡ್ವರ್ಡ್ಸ್ ಎಂಬ ಇಂಜಿನಿಯರ್ ತೆರೆದು ನೋಡಿದರೆ ರಬ್ಬರ್ ಸೀಲ್ ಕರಗಿ ಧೂಳು ಒಳಗೆ ಹೋಗಿತ್ತು, ತಟ್ಟೆಗಳ ಮೇಲೆ ಗಾಯಗಳಿದ್ದವು. ಆದರೆ ತಟ್ಟೆ ಸೊಟ್ಟಗಾಗಿರಲಿಲ್ಲ. ಡಿಸ್ಕ್ ಅರ್ಧ ಮಾತ್ರ ತುಂಬಿತ್ತು, ಗಾಯವಾದದ್ದು ಇನ್ನೂ ಬರೆಯದ ಭಾಗಕ್ಕೆ. ಡಾಸ್ ಬರಹವನ್ನು ಅಲ್ಲಿಲ್ಲಿ ಚೆಲ್ಲದೆ ಒಂದೇ ಕಡೆ ಜೋಡಿಸಿಟ್ಟದ್ದು ಅನುಕೂಲವಾಯಿತು. ತಟ್ಟೆಗಳನ್ನು ರಾಸಾಯನಿಕದಲ್ಲಿ ತೊಳೆದು ಬೇರೊಂದು ಡಿಸ್ಕಿನ ದೇಹಕ್ಕೆ ಕೂರಿಸಿದರು. ಎರಡು ದಿನದ ಕೆಲಸ. ಶೇಕಡಾ 99ರಷ್ಟು ಸಿಕ್ಕಿತು! ನೌಕೆಯದೇ ಇನ್ನೆರಡು ಡಿಸ್ಕುಗಳಿಂದ ಉಪಯೋಗಕ್ಕೆ ಬರುವಂಥದ್ದು ಏನೂ ಸಿಗಲಿಲ್ಲ. ಬರ್ಗ್ ಅವರ ಲೇಖನ 2008ರ ಏಪ್ರಿಲ್‌ನಲ್ಲಿ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಬಂತು. ಜೀನಾನಿಗೂ ಆ ಸಾಸಿನ ಗುಣ ಇದೆ ಎಂದು ಖಚಿತವಾಯಿತು.

ಆ ಸುದ್ದಿ ಓದಿ ಆಫೀಸಿನಲ್ಲಿ ಸುಮಾರು ಹೊತ್ತು ಹಾಗೇ ಕೂತಿದ್ದೆ. ಅಷ್ಟು ಎತ್ತರದಿಂದ ಬಿದ್ದದ್ದು ಉಳಿಯಿತು. ನಮ್ಮ ಮನೆಯಲ್ಲಿ ಎದೆಮಟ್ಟದ ನೀರಿನಲ್ಲಿ ಒಂದು ದಿನ ಇದ್ದದ್ದು ಉಳಿಯಲಿಲ್ಲ. ಕೊಲಂಬಿಯಾದ್ದಕ್ಕೆ ಅದೃಷ್ಟ ಇತ್ತು ನಿಜ. ಆದರೆ ಇನ್ನೊಂದು ಅನುಕೂಲವೂ ಇತ್ತು. ಕರಗಿ ಮುದ್ದೆಯಾಗಿದ್ದರಿಂದ ನನ್ನಂಥವನು ಯಾರೂ ಅದಕ್ಕೆ ಸ್ವಿಚ್ ಹಾಕುವ ಹಾಗಿರಲಿಲ್ಲ!

ಕಪಾಟಿನಿಂದ ಡಬ್ಬ ತೆಗೆದು ಅಂಧೇರಿಯಲ್ಲಿ ಇದೇ ಕೆಲಸ ಮಾಡುವ ಒಬ್ಬರಲ್ಲಿಗೆ ಹೋದೆ. ತಮಿಳರು, ಮಿತಭಾಷಿ. ನಡೆದದ್ದೆಲ್ಲ ಹೇಳಿದೆ, ಫ್ರೀಜರ್ ಸಹಿತ. ಡಾಕ್ಟರ ಮುಂದೆ ಮುಚ್ಚಿಟ್ಟು ಏನು ಪ್ರಯೋಜನ? ಅವರು ನಗಲಿಲ್ಲ. ಹೆಡ್ಡು ತಟ್ಟೆಗೆ ತಾಗಿ ಒಂದು ಕಡೆ ಉಂಗುರದ ಹಾಗೆ ಗೀಚಿದೆ, ಅಲ್ಲಿಯ ಲೇಪ ಪುಡಿಯಾಗಿ ಎಲ್ಲ ಕಡೆ ಹರಡಿದೆ, ಒಂದೊಂದು ಸಲ ಹಾಕಿದಾಗಲೂ ಗೀರು ಅಗಲವಾಗಿದೆ ಅಂದರು. ಪುಡಿಯಾದದ್ದನ್ನು ಓದುವ ಯಂತ್ರ ಲೋಕದಲ್ಲಿಲ್ಲ. ಅದೇ ಮಾದರಿಯ ಇನ್ನೊಂದು ಡಿಸ್ಕ್ ಹುಡುಕಿ, ಧೂಳಿಲ್ಲದ ಕೋಣೆಯಲ್ಲಿ ತಟ್ಟೆ ತೊಳೆದು, ಅದರ ಹೆಡ್ಡುಗಳನ್ನು ಇದಕ್ಕೆ ಹಾಕಿ ನೋಡುತ್ತೇನೆ, ಹೊಸ ಹೆಡ್ಡೂ ಎಷ್ಟು ಹೊತ್ತು ಬದುಕುತ್ತದೋ ಹೇಳಲಾರೆ ಅಂದರು. 18 ಸಾವಿರ ರೂಪಾಯಿ. ಮನೆಯಲ್ಲಿ 8 ಅಂತ ಹೇಳಿದೆ. (ಇದನ್ನು ಓದಿದರೆ ಗೊತ್ತಾಗುತ್ತದೆ. ಇರಲಿ.)

ಅವರು ಓದಿಸುವ ಕ್ರಮ ನನಗೆ ಬಹಳ ಇಷ್ಟವಾಯಿತು. ಸಾಯುತ್ತಿರುವ ಡಿಸ್ಕಿನಲ್ಲಿ ಓದಲಾಗದ ಜಾಗ ಬಂದರೆ ಮಾಮೂಲಿ ಕಂಪ್ಯೂಟರ್ ಅಲ್ಲೇ ಹಟಕ್ಕೆ ಬಿದ್ದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟರಲ್ಲಿ ಹೆಡ್ಡು ಸಾಯುತ್ತದೆ, ಚೆನ್ನಾಗಿದ್ದದ್ದೂ ಹೋಗುತ್ತದೆ. 2004ರಲ್ಲಿ ಸ್ಪೇನಿನ ಆಂಟೋನಿಯೋ ಡಿಯಾಸ್ ಎಂಬವರು ಇದಕ್ಕೆಂದೇ ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬರೆದು ಪುಕ್ಕಟೆಯಾಗಿ ಹಂಚಿದರು. ಅದು ಮೊದಲು ಸಲೀಸಾಗಿ ಬರುವುದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತದೆ, ತೊಡಕಿನ ಜಾಗವನ್ನು ಒಂದು ಪಟ್ಟಿಯಲ್ಲಿ ಗುರುತು ಹಾಕಿ ದಾಟುತ್ತದೆ, ಕೊನೆಗೆ ಆ ಪಟ್ಟಿ ಹಿಡಿದು ಅವುಗಳ ಹತ್ತಿರ ಮರಳುತ್ತದೆ. ಅಂಧೇರಿಯವರದ್ದು ಬೇರೆ ಯಂತ್ರ, ಕ್ರಮ ಮಾತ್ರ ಅದೇ. ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ದಿನದ ಲೆಕ್ಕ ಮುಗಿಸುವ ಹಾಗೆ. ಮುಗಿಸಿ, ಮರುದಿನ ಹುಡುಕುತ್ತೇವೆ.

ಐದು ವಾರದ ಮೇಲೆ ಫೋನ್ ಬಂತು. ಹನ್ನೊಂದು ಕ್ಯಾಸೆಟ್ಟಿನಲ್ಲಿ ಸಿಕ್ಕಿದ್ದು ಮೂರು ತುಂಡು, ಒಟ್ಟು 37 ನಿಮಿಷ. ಸಿಡಿಯಲ್ಲಿ ಬರೆದು ಕೊಟ್ಟರು, ಹಳೆ ಡಿಸ್ಕನ್ನೂ ಕೊಟ್ಟರು.

ಒಂದರಲ್ಲಿ ಬರೀ ಭಾಗವತರು, ಚೆಂಡೆ. ಇನ್ನೊಂದರಲ್ಲಿ ಅಪ್ಪಯ್ಯನ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವ ಜಾಗ. ಕೇಳುತ್ತ ಕೇಳುತ್ತ ನಡುವೆ ಕತ್ತರಿಸಿಹೋಗುತ್ತದೆ, ರಾಮನ ಉತ್ತರ ಇಲ್ಲ. ಮೂರನೆಯದು ಯಾರೋ ಟೇಪ್ ಆರಿಸಲು ಮರೆತ ನಾಲ್ಕು ನಿಮಿಷ. ಪ್ರಸಂಗ ಮುಗಿದಿದೆ, ಕುರ್ಚಿ ಎಳೆಯುವ ಸದ್ದು, ಅಪ್ಪಯ್ಯ ಯಾರಿಗೋ, "ಕಾಫಿ ಇತ್ತಾ? ಇದ್ರೆ ಅರ್ಧ ಲೋಟ ಸಾಕ್" ಅನ್ನುತ್ತಾರೆ. ಡಿಸ್ಕಿಗೆ ಇಳಿಸುವಾಗ ಇದೆಂತಕ್ಕೆ ಅಂತ ಅದನ್ನು ಅಳಿಸಿದ್ದೆ ನಾನು. ಇಂಡೆಕ್ಸಿನಲ್ಲಿ ಹೊಡೆದುಹಾಕಿದ್ದರೂ ಅದರ ಪುಟದ ಮೇಲೆ ಬೇರೇನೂ ಬಿದ್ದಿರಲಿಲ್ಲ.

ಆ 37 ನಿಮಿಷ ಈಗ ನಾಲ್ಕು ಕಡೆ ಇದೆ. ನಮ್ಮ ಡೊಂಬಿವಲಿ ಮನೆಯಲ್ಲಿ, ಪುಣೆಯ ಮಗಳ ಹತ್ತಿರ, ಊರಿನ ತಮ್ಮನಲ್ಲಿ, ಬ್ಯಾಂಕಿನ ಲಾಕರಿನಲ್ಲಿ. ಭಾವ ಹೋಗಿ ಆರು ವರ್ಷವಾಯಿತು. ಅವರ ಮನೆಯ ಅಟ್ಟದಲ್ಲಿ ಬೇರೆ ಪ್ರತಿ ಏನಾದರೂ ಇದೆಯಾ ನೋಡು ಅಂತ ಅವರ ಮಗನಿಗೆ ಹೇಳಿದ್ದೇನೆ, ನೋಡ್ತೆ ಮಾವ ಅಂದಿದ್ದಾನೆ. ಬರುವ ಮೇ ತಿಂಗಳಲ್ಲಿ ಊರಿಗೆ ಹೋದಾಗ ನಾನೇ ಅಟ್ಟ ಹತ್ತಬೇಕು.